ಊರು ಸರಿಸಲು ಹೊರಟ ನಮ್ಮ ಮಾವ

ಮನೆ ಬದಲಿಸಿದವರನ್ನು ನೀವು ನೋಡಿದ್ದೀರಿ. ಒಂದು ಊರು ಬಿಟ್ಟು ಇನ್ನೊಂದು ಊರಿಗೆ ಹೋದವರನ್ನೂ ನೋಡಿದ್ದೀರಿ. ಆದರೆ ತಾನು ಕೂತಲ್ಲೇ ಕೂತು, ಊರನ್ನೇ ಸ್ವಲ್ಪ ಆಚೆ ಸರಿಸಿಕೊಡಿ ಎಂದು ಅರ್ಜಿ ಹಾಕಿದವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು ಬಂತು, ಆ ಅರ್ಜಿ ಟೈಪು ಮಾಡಿಕೊಟ್ಟವಳೇ ನಾನು! ಅರ್ಜಿದಾರ ನನ್ನ ಸೋದರಮಾವ. ಅವನ ಹೆಸರು ಬರೆಯುವುದಿಲ್ಲ. ಬರೆದರೆ ಬೇಜಾರು ಮಾಡಿಕೊಳ್ಳುತ್ತಾನೆ ಎಂದಲ್ಲ. ಹಿಗ್ಗಿಹೋಗಿ, ಈ ಪುಟಕ್ಕೆ ಕಟ್ಟು ಹಾಕಿಸಿ ಪಟ್ಟಣ ಪಂಚಾಯಿತಿ ಕಚೇರಿಯಲ್ಲಿ ತೂಗುಹಾಕಬೇಕೆಂದು ಇನ್ನೊಂದು ಅರ್ಜಿ ಟೈಪು ಮಾಡಿಸಲು ಬರುತ್ತಾನೆ, ಅದಕ್ಕೆ.

ಮಾವನ ಊರು ಅಮೀನಗಡಕ್ಕೂ ಹುನಗುಂದಕ್ಕೂ ನಡುವೆ ಇದೆ. ಬಸ್ಸಿನವರು ಮನಸ್ಸಾದರೆ ನಿಲ್ಲಿಸುತ್ತಾರೆ, ಅಷ್ಟು ದೊಡ್ಡ ಊರು. ಪಡುವಣಕ್ಕೆ ಕೆಂಪು ಕಲ್ಲಿನ ಗುಡ್ಡ, ಮೂಡಣಕ್ಕೆ ಎರೆಹೊಲ, ನಡುವೆ ಒಂದು ಹಳ್ಳ. ಈ ಹಳ್ಳ ಮಳೆಗಾಲದಲ್ಲಿ ಒಂದೆರಡು ಸಲ ಮೈತುಂಬಿ ಬಂದು ಬಸ್ಸು ತಡೆಯುತ್ತದೆ, ಉಳಿದ ದಿನಗಳಲ್ಲಿ ಕುರಿ ಹಿಂಡಿನ ದಾರಿಯಾಗಿರುತ್ತದೆ. ಹಳ್ಳದ ದಂಡೆಗೆ ಒಂದು ಬಯಲು. ಆ ಬಯಲಿಗೆ ಮುಖ ಮಾಡಿ ನಿಂತ ಊರಿನ ಕಟ್ಟಕಡೆಯ ಮನೆ ಮಾವನದು. ಕಟ್ಟಕಡೆಯದು ಎಂದು ಅವನೆದುರು ಹೇಳಿ ನೋಡಿ! ನೀವು ಯಾವ ಕಡೆಯಿಂದ ಬರುತ್ತೀರಿ ಎನ್ನುವುದರ ಮೇಲೆ ಅದು ಮೊದಲನೆಯ ಮನೆಯೂ ಆಗುತ್ತದೆ ಎಂದು ಅರ್ಧ ಗಂಟೆ ತಿಳಿಸಿ ಹೇಳುತ್ತಾನೆ. ಚಹಾ ಆರಿಹೋಗುತ್ತದೆ.

ಅವನು ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತನಾದವನು. ನಿವೃತ್ತಿ ಎಂಬುದು ಬರೀ ಕಾಗದದ ಮಾತು. ಮದುವೆ ಮನೆಯ ಊಟದ ಹೊತ್ತಿಗೆ ಜನ ಬಾಗಿಲಲ್ಲೇ ಗುಂಪುಗಟ್ಟಿದರೆ ಮಾವನಿಗೆ ತಡೆದುಕೊಳ್ಳಲು ಆಗುವುದಿಲ್ಲ. "ಒಳಗ ಸರೀರಿ, ನಡುವ ಖಾಲಿ ಐತಿ, ಒಳಗ ಸರೀರಿ" ಎನ್ನುತ್ತ ಬೀಗರನ್ನೂ ಬಿಡದೆ ದೂಡುತ್ತಾನೆ. ಮನೆಯ ಎಮ್ಮೆಗೂ ಸೀಟಿಯ ಪಾಠ ಆಗಿತ್ತು. ಒಂದು ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಎಮ್ಮೆ ಪಾಪ ಬೇಗ ಕಲಿಯಿತು. ಕಲಿತದ್ದೇ ತಪ್ಪಾಯಿತು! ಒಮ್ಮೆ ಅದು ಹೆದ್ದಾರಿ ದಾಟುವಾಗ ಇಳಕಲ್ಲಿಗೆ ಹೊರಟ ಬಸ್ಸಿನ ಕಂಡಕ್ಟರ್ ಒಂದು ಸೀಟಿ ಊದಿದ. ಬಸ್ಸೂ ನಿಂತಿತು, ಬಸ್ಸಿನ ಮುಂದೆ ಎಮ್ಮೆಯೂ ನಿಂತಿತು. ಅವನು ಎರಡು ಸೀಟಿ ಊದದೆ ಎಮ್ಮೆ ಹೋಗದು, ಎಮ್ಮೆ ಹೋಗದೆ ಅವನು ಎರಡು ಸೀಟಿ ಊದಲಾರ. ಕಡೆಗೆ ಮಾವನೇ ಮನೆಯಿಂದ ಓಡಿಬಂದು ಇಬ್ಬರನ್ನೂ ಬಿಡಿಸಿದ.

ಆದರೆ ಇದೆಲ್ಲ ಸಣ್ಣ ಹುಚ್ಚು. ದೊಡ್ಡ ಹುಚ್ಚು ಬೇರೆಯೇ ಇತ್ತು. ಒಂದು ಊರು ಎಲ್ಲಿ ಮುಗಿಯುತ್ತದೆ? ಇದು ಮಾವನ ಪ್ರಶ್ನೆ. ಬಸ್ಸಿನಲ್ಲಿ ಟಿಕೇಟಿನ ದರ ಸ್ಟೇಜಿಗೊಮ್ಮೆ ಏರುತ್ತದಲ್ಲ, ಆ ಸ್ಟೇಜು ಬೇವಿನ ಮರದ ಈಚೆಗೋ ಆಚೆಗೋ ಎಂದು ಪ್ರಯಾಣಿಕರೊಡನೆ ವರ್ಷಾನುಗಟ್ಟಲೆ ವಾದ ಮಾಡಿದವನು. ಹಾಗಾಗಿ ಊರಿನ ಆರಂಭ ಎಲ್ಲರಿಗೂ ಗೊತ್ತು, ಕೊನೆ ಯಾರಿಗೂ ಗೊತ್ತಿಲ್ಲ ಎಂಬ ಸಿದ್ಧಾಂತಕ್ಕೆ ಬಂದಿದ್ದ. ಹೆಣ್ಣು ನೋಡಲು ಹೋದ ಮನೆಯಲ್ಲೂ ಹುಡುಗಿಗೆ ಅಡುಗೆ ಬರುತ್ತದೆಯೇ ಎಂದು ಕೇಳಲಿಲ್ಲ, ನಿಮ್ಮೂರು ಎಲ್ಲಿ ಮುಗಿಯುತ್ತದೆ ಎಂದು ಕೇಳಿದ. ನಾವೆಲ್ಲ ಕೂಡಿ ಬಾದಾಮಿಗೆ ಹೋದಾಗ ನಾವು ಗುಹೆ ಹತ್ತಿದೆವು, ಮಾವ ಬಾದಾಮಿ ಎಲ್ಲಿ ಮುಗಿಯುತ್ತದೆಂದು ನೋಡಲು ಆಟೋ ಹತ್ತಿದ. ಸಂಜೆ ಬಂದವನ ಮುಖದಲ್ಲಿ ಎಷ್ಟು ಸಂತೋಷ! ಏನು ಕಂಡೆ ಮಾಮಾ ಎಂದರೆ, ಒಂದು ಮೋರಿ ಕಂಡೆ ಎಂದ.

ಇಂಥವನ ಊರು ಗ್ರಾಮ ಪಂಚಾಯಿತಿಯಿಂದ ಪಟ್ಟಣ ಪಂಚಾಯಿತಿ ಆಗುತ್ತದೆ ಎಂದಾಗ ಅವನು ಸುಮ್ಮನೆ ಕೂತಾನೆಯೇ? ಮನೆ ಮನೆ ತಿರುಗಿ ಸಹಿ ಮಾಡಿಸಿದ. ಗಡಿ ಗುರುತಿಸಲು ಬಂದವರ ಹಿಂದೆ ಬಿಸಿಲಿನಲ್ಲಿ ನಡೆದ. ಬೇಡ ಬೇಡವೆಂದರೂ ಅವರಿಗೆ ಮಜ್ಜಿಗೆ ಕೊಟ್ಟ. ಊರಿನ ಗಡಿ ಬಯಲು ದಾಟಿತು, ಹಳ್ಳ ದಾಟಿತು, ಹೆದ್ದಾರಿ ಮುಟ್ಟಿತು. ಹೆದ್ದಾರಿಯಲ್ಲಿ ಸುಸ್ವಾಗತದ ಕಮಾನು ಎದ್ದಿತು. ಬದಲಾದದ್ದು ಏನು ಎಂದು ಕೇಳಬೇಡಿ. ಗಟಾರ ಇದ್ದ ಹಾಗೆಯೇ ಇತ್ತು, ವಾರ್ಡಿನ ನಂಬರು ಮಾತ್ರ ಬಂತು. ಮನೆ ತೆರಿಗೆ ಪಟ್ಟಣದ್ದಾಯಿತು, ಉದ್ಯೋಗ ಖಾತ್ರಿ ಕೂಲಿ ಹಳ್ಳಿಯ ಜೊತೆಗೇ ಹೋಯಿತು. ನಮ್ಮನ್ನು ಪಟ್ಟಣದವರನ್ನಾಗಿ ಮಾಡಿ ಮನೆಯಲ್ಲಿ ಕೂರಿಸಿದೆಯಲ್ಲಪ್ಪ ಎಂದು ಕೂಲಿಗೆ ಹೋಗುತ್ತಿದ್ದ ಹೆಂಗಸರು ಮಾವನನ್ನು ದಾರಿಯಲ್ಲಿ ನಿಲ್ಲಿಸಿ ಬೈದರು. ಮಾವ ತಲೆ ಕೆರೆದುಕೊಂಡು, ಅದನ್ನೂ ಬರೆದು ಕೇಳೋಣ ಎಂದ. ಆಮೇಲೆ ಕಮಾನಿನ ಕೆಳಗೆ ನಿಂತು ಹೋಗುವ ಬರುವ ಡ್ರೈವರುಗಳಿಗೆಲ್ಲ ಊರು ಇಲ್ಲಿಂದ ಶುರು ಎಂದು ತಿಳಿಸತೊಡಗಿದ.

ಈಗ ಹೊರಬೀಡಿನ ಮಾತು ಹೇಳಬೇಕು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ, ಗೊತ್ತಿದ್ದವರು ಒಂದು ಚಹಾ ಕುಡಿದು ಬನ್ನಿ. ಆಷಾಢದಲ್ಲಿ ಒಂದು ದಿನ ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ ಹೊರಬೀಳುತ್ತದೆ. ದನ, ಕರು, ಕೋಳಿ, ಕೂಸು ಎಲ್ಲ ಊರಿನ ಸೀಮೆಯ ಹೊರಗೆ. ಕೊನೆಯವನು ಹೊರಬಂದ ಮೇಲೆ ದಾರಿಗೆ ಅಡ್ಡ ಮುಳ್ಳು ಹಾಕುತ್ತಾರೆ. ಆ ದಿನ ಊರಿನಲ್ಲಿ ಗ್ರಾಮದೇವತೆ ದ್ಯಾಮವ್ವನೊಬ್ಬಳೇ ತಿರುಗಾಡಿ ರೋಗ ರುಜಿನ ಗುಡಿಸಿ ಹಾಕುತ್ತಾಳೆ ಎಂಬ ನಂಬಿಕೆ. ಮಂದಿ ಹೊರಗೆ ಒಲೆ ಹೂಡಿ ಅಡುಗೆ ಮಾಡಿ, ಉಂಡು, ದೀಪ ಹಚ್ಚುವ ಹೊತ್ತಿಗೆ ಪೂಜಾರಿ ಮುಳ್ಳು ತೆಗೆದ ಮೇಲೆ ಒಳಗೆ ಹೋಗುತ್ತಾರೆ. ಒಂದು ನರಪಿಳ್ಳೆ ಒಳಗೆ ಉಳಿದರೂ ಎಲ್ಲರ ಹೊರಬೀಡು ನೀರುಪಾಲು.

ಮೊದಲೆಲ್ಲ ಇದು ಮಾವನ ಮನೆ ಎದುರಿನ ಬಯಲಿನಲ್ಲೇ ನಡೆಯುತ್ತಿತ್ತು. ನಮ್ಮ ಅತ್ತೆ, ಅಂದರೆ ಮಾವನ ಹೆಂಡತಿ, ಹೊಸಿಲು ದಾಟಿದರೆ ಊರ ಹೊರಗೆ! ಅಲ್ಲಿ ಅವಳದೇ ಯಜಮಾನಿಕೆ. ಯಾರ ಒಲೆ ಎಲ್ಲಿ, ಯಾರು ರೊಟ್ಟಿ ಬಡಿಯಬೇಕು, ಯಾರು ಕಡಬು ಮಾಡಬೇಕು ಎಲ್ಲ ಅವಳ ಮಾತಿನಂತೆ. ಅತ್ತೆಯ ಕೈಯ ರೊಟ್ಟಿಗೆ ಪೂಜಾರಿಯೂ ನೈವೇದ್ಯ ಬೇಗ ಮುಗಿಸುತ್ತಿದ್ದ. ಹೋದ ವರ್ಷ ಅವಳಿಗೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಹೋಯಿತು, ಮಾತು ತೊದಲಿತು. ಅದೇ ವರ್ಷ ಹಿರಿಯರು, ಸರ್ಕಾರವೇ ಊರನ್ನು ಕಮಾನಿನ ತನಕ ಬೆಳೆಸಿದೆ, ಬಯಲು ಈಗ ಊರೊಳಗಾಯಿತು, ಇನ್ನು ಮುಂದೆ ಕಮಾನು ದಾಟಿಯೇ ಹೊರಬೀಡು ಎಂದು ನಿರ್ಧರಿಸಿದರು. ಅತ್ತೆಯನ್ನು ಮಂಚದ ಸಮೇತ ಸಾಮಾನು ಸಾಗಿಸುವ ಆಟೋದಲ್ಲಿ ಒಯ್ದರು. ರಸ್ತೆಯ ಒಂದೊಂದು ಉಬ್ಬಿಗೂ ಅವಳು ಸೆರಗು ಕಚ್ಚಿ ಹಿಡಿದಿದ್ದಳು. ಗಾಡಿಯ ಪಕ್ಕ ನಡೆಯುತ್ತಿದ್ದ ಮಾವ ಅಂದು ಯಾರಿಗೂ ಸರೀರಿ ಎನ್ನಲಿಲ್ಲ.

ಈ ವರ್ಷ ಅದೂ ಸಾಧ್ಯವಿರಲಿಲ್ಲ. ಚಳಿಗಾಲ ಮುಗಿಯುವಾಗ ಅತ್ತೆ ಮಂಚದಿಂದ ಜಾರಿ ಸೊಂಟದ ಎಲುಬು ಮುರಿದುಕೊಂಡಿದ್ದಳು. ಎದೆ ದುರ್ಬಲವಾಗಿದೆ, ಆಪರೇಷನ್ ಆಗದು, ಎತ್ತಬೇಡಿ, ಅಲುಗಿಸಬೇಡಿ ಎಂದು ಬಾಗಲಕೋಟೆಯ ಡಾಕ್ಟರು ಹೇಳಿ ಕಳಿಸಿದ್ದರು. ಪೂಜಾರಿ ಒಳ್ಳೆಯವನು. ಮನೆಗೇ ಬಂದು, ಬೇನೆ ಬಿದ್ದವರನ್ನು ದ್ಯಾಮವ್ವ ಕ್ಷಮಿಸುತ್ತಾಳೆ, ನೀನು ಒಳಗೇ ಇರವ್ವ ಎಂದ. ಅತ್ತೆ ಒಪ್ಪಲಿಲ್ಲ. "ಊರಿಗೊಂದು ನನಗೊಂದು ಬ್ಯಾಡ. ನಾಳೆ ಯಾರದರ ಕೂಸಿಗೆ ಜ್ವರಾ ಬಂದ್ರ, ನಾ ಹ್ಯಾಂಗ ಅದರ ಮಕಾ ನೋಡ್ಲಿ? ಏನಾದ್ರೂ ಆಗ್ಲಿ, ಹೊತಗೊಂಡು ನಡೀರಿ" ಎಂದಳು. ಹೊತ್ತರೆ ಜೀವಕ್ಕೆ ಅಪಾಯ, ಬಿಟ್ಟರೆ ಮನಸ್ಸಿಗೆ ಸಮಾಧಾನವಿಲ್ಲ.

ಅದಾಗಿ ಕೆಲ ದಿನಕ್ಕೆ ಮಾವ ಹುನಗುಂದಕ್ಕೆ ಬಂದ. ನಾನು ಅಲ್ಲಿ ಕೋರ್ಟಿನಲ್ಲಿ ಟೈಪು ಮಾಡುವ ಕೆಲಸದಲ್ಲಿದ್ದೇನೆ. ಕೈಯಲ್ಲಿ ಅಮೀನಗಡದ ಕರದಂಟಿನ ಪೊಟ್ಟಣ ಇತ್ತು. ನನಗೆ ತಂದನೇನೋ ಎಂದು ಕೈಚಾಚಿದೆ. ಅದು ಅತ್ತೆಗಂತೆ. ಅವಳಿಗೆ ಅಗಿಯಲು ಆಗುವುದಿಲ್ಲ, ಆದರೆ ಬಿಡಲೂ ಆಗುವುದಿಲ್ಲ. ಮಾವ ಎಲೆಯಡಿಕೆಯ ಕುಟ್ಟಾಣಿಯಲ್ಲಿ ಕುಟ್ಟಿ ಮೆತ್ತಗೆ ಮಾಡಿ ತಿನ್ನಿಸುತ್ತಾನೆ.

"ಯವ್ವಾ, ಒಂದು ಅರ್ಜಿ ಹೊಡದ ಕೊಡು. ಊರ ಸರಸಾಕ" ಎಂದ.

ನಾನು ಕನ್ನಡಕ ತೆಗೆದು ಅವನ ಮುಖ ನೋಡಿದೆ. ಊರನ್ನು ಎಲ್ಲಿಗೆ ಸರಿಸುವುದು ಮಾಮಾ ಎಂದೆ.

"ಹೆಚ್ಚಿಗಿ ಏನಿಲ್ಲ. ಗಡಿ ನಮ್ಮ ಮನಿ ದಾಟಿ ಹಿಂದಕ ಸರೀಲಿ ಸಾಕು. ಅಕಿನ್ನ ಊರ ಹೊರಗ ಒಯ್ಯಾಕ ಆಗಂಗಿಲ್ಲ. ಅದಕ್ಕ ಊರನ್ನ ಒಳಗ ಸರಸೂದು."

ಇಷ್ಟು ದಿನ ಅವನ ಗಡಿಯ ಹುಚ್ಚಿಗೆ ನಕ್ಕವಳು ನಾನು. ಅಂದೂ ನಗು ಬಂತು, ನಿಜ. ಆದರೆ ಕುತೂಹಲ ನಗುವಿಗಿಂತ ದೊಡ್ಡದಾಗಿತ್ತು. ಇದು ಸಾಧ್ಯವೇ? ಯಾರ ಕೈಯಲ್ಲಿದೆ ಇದು? ನಾನೇ ಟೈಪು ಮಾಡಿದೆ: 'ವಿಷಯ: ಆಷಾಢದ ಒಂದು ದಿನದ ಮಟ್ಟಿಗೆ ಪಟ್ಟಣದ ಗಡಿಯನ್ನು ಹಿಂದಕ್ಕೆ ಸರಿಸುವ ಕುರಿತು.' ರಜೆ ಹಾಕಿ ಅವನ ಜೊತೆ ಹೋದೆ ಕೂಡ. ಇಂಥದ್ದನ್ನು ತಪ್ಪಿಸಿಕೊಳ್ಳಲು ನನಗೇನು ಹುಚ್ಚೇ?

ಪಟ್ಟಣ ಪಂಚಾಯಿತಿಯ ಮುಖ್ಯಾಧಿಕಾರಿ ತುಮಕೂರು ಕಡೆಯ ಹೆಣ್ಣುಮಗಳು. ಅರ್ಜಿಯನ್ನು ಓದಿದಳು. ಮತ್ತೆ ಓದಿದಳು. ಎಲ್ಲರೂ ನಮ್ಮ ಜಾಗವನ್ನು ಒಳಗೆ ಸೇರಿಸಿ ಎಂದು ಬರುತ್ತಾರೆ, ನೀವು ಹೊರಗೆ ಹಾಕಿ ಎನ್ನುತ್ತೀರಲ್ಲ, ತೆರಿಗೆ ಕಟ್ಟುವುದು ಬೇಡವೆಂದೇ ಎಂದು ಕೇಳಿದಳು. ತೆರಿಗೆಯನ್ನು ಆ ದಿನದ್ದೂ ಸೇರಿಸಿ ಕಟ್ಟುತ್ತೇನೆ ಎಂದ ಮಾವ. ಗಡಿ ಬದಲಾಗಬೇಕಾದರೆ ಸರ್ಕಾರ ಅಧಿಸೂಚನೆ ಹೊರಡಿಸಬೇಕು, ಆಕ್ಷೇಪಣೆ ಕರೆಯಬೇಕು ಎಂದು ಅವಳು ವಿವರಿಸಿದಳು. ಮಾವ ತಲೆಯಾಡಿಸಿ ಕೇಳಿಸಿಕೊಂಡ. ಆಮೇಲೆ ತನ್ನ ಅನುಭವ ಹೇಳಿದ:

"ರೂಟ್ ಬದಲಿ ಮಾಡಾಕೂ ಮ್ಯಾಲಿನವರ ಹುಕುಂ ಬೇಕ್ರಿ ಮೇಡಮ್ಮಾರ. ಆದ್ರ ಹಳ್ಳ ಬಂದ ದಿನಾ ನಾವು ಗುಡೂರ ಮ್ಯಾಲ ಹಾದು ಸುತ್ತಿ ಹೋಗ್ತಿದ್ವಿ. ಮಂದಿ ಮನಿ ಮುಟ್ಟಬೇಕಲ್ಲರಿ."

ಅವಳು ಪೆನ್ನು ಕೆಳಗಿಟ್ಟಳು. ಅತ್ತೆಯ ವಿಷಯ ಕೇಳಿದಳು, ನಾನು ಹೇಳಿದೆ. ಕಡೆಗೆ ಅರ್ಜಿಯನ್ನು ಮಡಚಿ ಮಾವನ ಕೈಗೇ ವಾಪಸು ಕೊಟ್ಟಳು. "ನೋಡಿ, ಸರ್ಕಾರದ ಗಡಿ ನನ್ನ ಕೈಯಲ್ಲೂ ಇಲ್ಲ. ಆದರೆ ದೇವರ ಗಡಿಯನ್ನು ಸರ್ಕಾರ ಎಂದೂ ಹಾಕಿಲ್ಲ. ಆ ಮುಳ್ಳು ಎಲ್ಲಿ ಬೀಳಬೇಕೆಂದು ನಾವು ಯಾವ ಆದೇಶದಲ್ಲೂ ಬರೆದಿಲ್ಲ. ಅದನ್ನು ಹಾಕುವವರನ್ನೇ ಕೇಳಿ" ಎಂದಳು. ಮಾವ ಹೊರಗೆ ಬಂದು, ಹುಡುಗಿ ಹುಷಾರಿದ್ದಾಳೆ, ಕಂಡಕ್ಟರ್ ಆಗಬೇಕಿತ್ತು ಎಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಅಂದೇ ಸಂಜೆ ಗುಡಿಯ ಕಟ್ಟೆಗೆ ಹೋದೆವು. ಹಿರಿಯರೆಲ್ಲ ಕೂತಿದ್ದರು. ಮಾವ ಸಿದ್ಧವಾಗಿಯೇ ಬಂದಿದ್ದ. ನಾವು ಬೀರಪ್ಪನ ಒಕ್ಕಲು, ಕುರಿ ಕಾಯ್ದವರು, ನನ್ನ ಮನೆ ಇರುವ ಜಾಗ ನಮ್ಮಜ್ಜನ ಕಾಲದಲ್ಲಿ ಕುರಿ ದೊಡ್ಡಿಯಾಗಿತ್ತು, ಕುರಿ ದೊಡ್ಡಿ ಯಾವಾಗಲೂ ಊರ ಅಗಸಿಯ ಹೊರಗೇ ಇರುತ್ತದೆ, ಆದ್ದರಿಂದ ನನ್ನ ಮನೆ ಮೂಲದಲ್ಲಿ ಊರ ಹೊರಗಿನದು ಎಂದು ವಕೀಲರೂ ನಾಚುವಂತೆ ವಾದಿಸಿದ. ದ್ಯಾಮವ್ವ ಸರ್ಕಾರದ ಗೆಜೆಟ್ ಓದಿ ಬರುತ್ತಾಳೆಯೇ ಎಂದು ಕೇಳಿದ. ಕಟ್ಟೆಯ ಮೇಲೆ ಒಂದಿಬ್ಬರು ತಲೆದೂಗಿದರು. ಗೆದ್ದೆವು ಎಂದುಕೊಂಡೆ. ಆಗ ಮೂಲೆಯಲ್ಲಿ ಕೂತಿದ್ದ ಒಬ್ಬ ಮುದುಕಪ್ಪ ಮೆಲ್ಲಗೆ ಗಂಟಲು ಸರಿಮಾಡಿಕೊಂಡ.

"ಅಲ್ಲಪಾ, ಊರು ಬೆಳಸೂಣು ಅಂತ ನಮ್ಮ ಮನಿಗೆ ಬಂದು ಸಹಿ ಮಾಡಿಸ್ಕೊಂಡಾಂವ ನೀನs ಅಲ್ಲನು?"

ಮಾವ ಜೇಬಿನಿಂದ ಆ ಅರ್ಜಿ ತೆಗೆದು, ಬಿಚ್ಚಿ, ಮತ್ತೆ ಮಡಚಿ ಜೇಬಿಗೇ ಇಟ್ಟುಕೊಂಡ. ಹಿರಿಯರದೂ ಹಟವೇನಲ್ಲ. ಹೋದ ವರ್ಷ ಒಂದು ಗೆರೆ, ಈ ವರ್ಷ ಒಂದು ಗೆರೆ ಎಂದರೆ ನಾಳೆ ಪ್ರತಿಯೊಬ್ಬರೂ ತಮ್ಮ ಮನೆಗೊಂದು ಗೆರೆ ಕೇಳುತ್ತಾರೆ ಎಂಬ ಹೆದರಿಕೆ ಅವರಿಗೆ. ಕಮಾನು ದಾಟಿಯೇ ಹೋಗುವುದು ಎಂದು ಎದ್ದರು. ಮನೆಗೆ ಬರುವ ದಾರಿಯಲ್ಲಿ ಮಾವ ನನಗೆ ಕಾಣದ ಹಾಗೆ ಕಣ್ಣು ಒರೆಸಿಕೊಂಡ. ಕಂಡರೂ ಕಾಣದವಳ ಹಾಗೆ ನಾನು ಹಳ್ಳದ ಕಡೆ ನೋಡಿದೆ.

ಮುಂದೆ ನಡೆದದ್ದನ್ನು ನಾನು ಮಾವನ ಪಕ್ಕದ ಮನೆಯಾಕೆಯಿಂದ ಕೇಳಿ ತಿಳಿದೆ. ಆಕೆ ಅತ್ತೆಯ ಪಕ್ಕದಲ್ಲೇ ಕೂತು ವರ್ಷ ವರ್ಷ ರೊಟ್ಟಿ ಬಡಿದವಳು. ಕಟ್ಟೆಯ ಸುದ್ದಿ ಅವಳ ಕಿವಿಗೆ ಬಿತ್ತು. ಮರುದಿನ ಓಣಿಯ ಹೆಂಗಸರನ್ನೆಲ್ಲ ಕರೆದುಕೊಂಡು ಅವಳೂ ಕಟ್ಟೆಗೆ ಹೋದಳಂತೆ. ವಾದವಿಲ್ಲ, ಇತಿಹಾಸವಿಲ್ಲ. ಕಮಾನಿನ ಹತ್ತಿರ ನೀರಿಲ್ಲ, ನೆರಳಿಲ್ಲ, ಲಾರಿಗಳ ಧೂಳು ಹಿಟ್ಟಿನಲ್ಲಿ ಬೀಳುತ್ತದೆ, ಹೋದ ವರ್ಷ ರೊಟ್ಟಿ ತಿಂದವರ ಹಲ್ಲನ್ನೇ ಕೇಳಿ ಎಂದಳಂತೆ. ಆಮೇಲೆ ಒಂದೇ ಮಾತು.

"ನೀವು ಕಮಾನಿಗೆ ಹೋಗ್ರಿ, ನಾವು ಬ್ಯಾಡ ಅನ್ನಂಗಿಲ್ಲ. ರೊಟ್ಟಿ ಮಾತ್ರ ಅಕ್ಕನ ಮನಿ ಮುಂದ ಇರ್ತಾವು."

ಇಲ್ಲಿ ನನಗೆ ಮಾವನ ಪ್ರಶ್ನೆಗೆ ಉತ್ತರ ಸಿಕ್ಕಿತು ನೋಡಿ. ಊರು ಎಲ್ಲಿ ಮುಗಿಯುತ್ತದೆ? ಅಡುಗೆ ಮಾಡುವ ಹೆಂಗಸರು ಎಲ್ಲಿ ಹೇಳುತ್ತಾರೋ ಅಲ್ಲಿ! ಕುರಿ ದೊಡ್ಡಿಯ ವಾದದಲ್ಲಿ ಹುರುಳಿದೆ ಎಂದು ಹಿರಿಯರಿಗೆ ಆ ಗಳಿಗೆಯಲ್ಲೇ ಹೊಳೆಯಿತಂತೆ.

ಹೊರಬೀಡಿನ ದಿನ ಮುಂಜಾನೆಯೇ ನಾನು ಹೋದೆ. ಮೋಡ ಕವಿದಿತ್ತು, ಮಳೆ ಇರಲಿಲ್ಲ. ಊರು ಒಂದೊಂದೇ ಬಾಗಿಲು ಹಾಕಿಕೊಂಡು ಬಯಲಿಗೆ ಇಳಿಯಿತು. ಎಮ್ಮೆಗಳು, ಮಿಕ್ಸರು ಬಿಟ್ಟು ಬಂದು ಒರಳು ಹುಡುಕುವ ಹೊಸ ಸೊಸೆಯಂದಿರು, ಮೊಬೈಲು ಚಾರ್ಜು ಇಲ್ಲವೆಂದು ಪೇಚಾಡುವ ಹುಡುಗರು. ಪಟ್ಟಣ ಪಂಚಾಯಿತಿಯ ಸಿಬ್ಬಂದಿ ಅಂದು ಪೂರ್ತಿ ಕ್ಷೇತ್ರ ಭೇಟಿಯಲ್ಲಿದ್ದರು. ಕ್ಷೇತ್ರ ಯಾವುದು ಎಂದರೆ ಇದೇ ಬಯಲು, ಕಡಬಿನ ಒಲೆಯ ಹತ್ತಿರ. ಮುಖ್ಯಾಧಿಕಾರಿಯೂ ಬಂದು ಜಮಖಾನೆಯ ಮೇಲೆ ಕೂತಿದ್ದಳು. ಪೂಜಾರಿ ಜಾಲಿಮುಳ್ಳು ತಂದು ಮಾವನ ಮನೆಗೂ ಊರಿಗೂ ನಡುವೆ, ಓಣಿಯ ಅಡ್ಡ ಹಾಕಿದ. ಮನೆ ಊರ ಹೊರಗಾಯಿತು.

ಮಾವ ಒಳಗೆ ಹೋಗಿ ಅತ್ತೆಯ ಮಂಚದ ಪಕ್ಕ ಕೂತ. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ಸೂರಿನ ಕಡೆ ನೋಡುತ್ತ ಮಲಗಿದ್ದಳು.

"ಖರೆ ಹೇಳ್ರಿ. ನಾ ಈಗ ಊರ ಹೊರಗ ಅದೀನೇನು?"

"ಅದಿ."

"ಊರಾಗ ಯಾರರ ಉಳದಾರನು?"

"ಯಾರೂ ಇಲ್ಲ. ಪೂಜಾರಿ ನಮ್ಮ ಈ ಕಡೇನ ನಿಂತಾನ, ಕೇಳು ಬೇಕಾದ್ರ."

ಪೂಜಾರಿ ಕಿಟಕಿಯಿಂದಲೇ ಹೌದವ್ವ ಎಂದ. ಅತ್ತೆಗೆ ಸಮಾಧಾನವಾಯಿತು. ಆಮೇಲೆ ಕಿಟಕಿ ಪೂರ್ತಿ ತೆರೆಯಲು ಹೇಳಿದಳು. ಬಯಲಿನ ತುಂಬ ಒಲೆಗಳು ಹೊಗೆಯಾಡುತ್ತಿದ್ದವು. ಸ್ವಲ್ಪ ಹೊತ್ತಿಗೆ ಒಳಗಿನಿಂದ ತೊದಲು ದನಿಯಲ್ಲಿ ಅಪ್ಪಣೆಗಳು ಹೊರಟವು. ಹಿಟ್ಟು ಬಿರುಸಾಗಿದೆ, ಸದ್ದಿನಲ್ಲೇ ಗೊತ್ತಾಗುತ್ತದೆ, ಇನ್ನೊಂದಿಷ್ಟು ಬಿಸಿನೀರು ಹಾಕಿ ನಾದಿರಿ. ಗಾಳಿ ತಿರುಗಿದೆ, ಆ ಮೂರನೇ ಒಲೆಯ ಬಾಯಿ ಆಚೆಗೆ ಮಾಡಿರಿ. ಒಂದು ವರ್ಷದಿಂದ ಅಡುಗೆಯ ಮಾತೇ ಎತ್ತದಿದ್ದವಳು! ಪಕ್ಕದ ಮನೆಯಾಕೆ ಹಿಟ್ಟಿನ ಕೈಯಲ್ಲೇ ಓಡಿಬಂದು ಕಿಟಕಿಗೆ ಆತು ನಿಂತು, ಆತ್ರಿ ಅಕ್ಕಾ, ಆತ್ರಿ ಎನ್ನುತ್ತ ಅತ್ತಳು. ಮೊದಲ ರೊಟ್ಟಿಯನ್ನು ಮಾವ ಹಾಲಿನಲ್ಲಿ ನೆನೆಸಿ ತುತ್ತು ತುತ್ತಾಗಿ ತಿನ್ನಿಸಿದ.

ಸಂಜೆಯಾಯಿತು. ಮಂದಿ ಪಾತ್ರೆ ತೊಳೆದು, ಬುಟ್ಟಿ ತಲೆಯ ಮೇಲಿಟ್ಟುಕೊಂಡು ಮುಳ್ಳಿನ ಮುಂದೆ ಬಂದು ನಿಂತರು. ಪೂಜಾರಿ ಮುಳ್ಳು ತೆಗೆಯಲು ಬಾಗಿದ. ಮಾವ ಅತ್ತೆಯ ಕಿವಿಯ ಹತ್ತಿರ ಬಗ್ಗಿ, ಮುಳ್ಳು ತೆಗೀತಾರ, ಇನ್ನ ಊರಾಗ ಹೋಗೂ ಹೊತ್ತಾತು ಎಂದ.

"ಒಂಚೂರು ತಡೀರಿ" ಎಂದಳು ಅತ್ತೆ. "ಭಾಳ ದಿನಾ ಆಗಿತ್ತು ನಾ ಮನಿ ಬಿಟ್ಟು ಹೊರಗ ಬಂದು."

ತನ್ನ ಮನೆಯ, ತನ್ನ ಕೋಣೆಯ, ತನ್ನದೇ ಮಂಚದ ಮೇಲೆ ಮಲಗಿಕೊಂಡು ಅವಳು ಅದನ್ನು ಹೇಳಿದಳು. ಮಾವ ಎದ್ದು ಹೊರಗೆ ಹೋದ. ಕೂಗಲಿಲ್ಲ, ಯಾರನ್ನೂ ಸರಿಸಲಿಲ್ಲ. ಪೂಜಾರಿಯ ಹತ್ತಿರ ಹೋಗಿ ಕೈಮುಗಿದು ಏನೋ ಹೇಳಿದ. ಪೂಜಾರಿ ಮುಳ್ಳಿನಿಂದ ಕೈ ತೆಗೆದು ನೆಟ್ಟಗೆ ನಿಂತ. ಹಿಂದಿದ್ದವರಿಗೆ ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಹೆಂಗಸರು ತಲೆಯ ಮೇಲಿನ ಬುಟ್ಟಿ ಇಳಿಸಿದರು, ಎತ್ತಿಕೊಂಡ ಮಕ್ಕಳನ್ನು ಕೆಳಗೆ ಬಿಟ್ಟರು. ಮುದುಕಪ್ಪ ಕಲ್ಲಿನ ಮೇಲೆ ಕೂತುಬಿಟ್ಟ.

ಮಾವ ಒಳಗೆ ಬಂದು ಮತ್ತೆ ಅವಳ ಪಕ್ಕ ಕೂತ. ಇಬ್ಬರೂ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಗುಡ್ಡದ ಮೇಲಿನ ಬೆಳಕು ಹೋಯಿತು. ಒಲೆಗಳು ಒಂದೊಂದೇ ಆರಿದವು. ಆಗ ಅತ್ತೆ ಎಡಗೈಯಿಂದ ಮಾವನ ಕೈ ಮುಟ್ಟಿದಳು.

"ಸಾಕು. ನಡೀರಿ, ಮನಿಗೆ ಹೋಗೂಣು."

ಮಾವ ಅವಳ ಹೊದಿಕೆ ಸರಿಮಾಡಿ, "ಹೂಂ, ನಡಿ" ಎಂದ.